ಸೆಟ್ ರೇಟ್: ಕೇಳಿದ್ದೊಂದು, ಸಿಕ್ಕಿದ್ದೊಂದು

ಪುಣೆಯಲ್ಲಿ ಎಂಬೆಡೆಡ್ ಕೆಲಸ (ಉಪಕರಣಗಳ ಒಳಗಿನ ಚಿಪ್ಪುಗಳಿಗೆ ಸಾಫ್ಟ್‌ವೇರ್ ಬರೆಯುವುದು) ಮಾಡುವ ಕನ್ನಡದವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ವಾರ ಮತ್ತೆ ಅದೇ ಸಾಲು: ‘ಸರ್, ಕ್ಲಾಕ್ ಸೆಟ್ ಆಗಿದೆ, ಸೊನ್ನೆ ರಿಟರ್ನ್ ಬಂತು. ಆದ್ರೂ ಕನ್ಸೋಲ್ ತುಂಬಾ ಕಸ.’ ಕ್ಲಾಕ್ ಅಂದರೆ ಚಿಪ್ಪಿನ ಭಾಗಗಳನ್ನು ನಡೆಸುವ ಮಿಡಿತ, ಸೊನ್ನೆ ಅಂದರೆ ಎರರ್ ಇಲ್ಲ, ಕಸ ಅಂದರೆ ಪರದೆಯಲ್ಲಿ ಓದಲಾಗದ ಅಕ್ಷರಗಳು. ಹಿಂಜೆವಾಡಿಯಲ್ಲಿ ಕೂತರೂ ಇದೇ, ಖರಾಡಿಯಲ್ಲಿ ಕೂತರೂ ಇದೇ. ಸೊನ್ನೆ ಬಂದರೆ ಸೆಟ್ ಆಯ್ತು, ಸೆಟ್ ಆಯ್ತು ಅಂದರೆ ಕೇಳಿದಷ್ಟೇ ಸಿಕ್ತು ಅಂತ ಲೆಕ್ಕ. ಈ ಎರಡನೇ ಹೆಜ್ಜೆಯಲ್ಲೇ ಎಡವಟ್ಟು.

ಪಿಎಲ್‌ಎಲ್ (ಒಂದು ಮೂಲ ಮಿಡಿತದಿಂದ ಬೇರೆ ವೇಗದ ಮಿಡಿತ ಹುಟ್ಟಿಸುವ ಸರ್ಕ್ಯೂಟ್), ಡಿವೈಡರ್ (ಆ ವೇಗವನ್ನು ಭಾಗಿಸಿ ಇಳಿಸುವ ಸರ್ಕ್ಯೂಟ್) ಹೇಗೆ ಕೆಲಸ ಮಾಡುತ್ತವೆ ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಡ್ರೈವರ್ (ಹಾರ್ಡ್‌ವೇರ್ ಭಾಗವನ್ನು ನಡೆಸುವ ಕೋಡ್) ಬರೆಯುವವರಿಗೆ ಅದು ಗೊತ್ತಿರುತ್ತದೆ. ಗೊತ್ತಿರದೇ ಉಳಿಯುವುದು ‘ಸೆಟ್’ ಎಂಬ ಚಿಕ್ಕ ಪದ.

ಲಿನಕ್ಸ್ ಕರ್ನಲ್‌ನಲ್ಲಿ ಕ್ಲಾಕ್ ಸೆಟ್ ರೇಟ್ ಎಂಬ ಕರೆ ಮಾಡಿದಾಗ ಕೋರ್ (ಎಲ್ಲ ಕ್ಲಾಕ್‌ಗಳನ್ನೂ ನೋಡಿಕೊಳ್ಳುವ ಕರ್ನಲ್‌ನ ಸಾಮಾನ್ಯ ಕೋಡ್) ಮೊದಲು ಮಾಡುವ ಕೆಲಸ ನೀವು ಕೊಟ್ಟ ಅಂಕಿಯನ್ನು ರೌಂಡ್ ಮಾಡುವುದು. ಈ ಹಾರ್ಡ್‌ವೇರ್‌ಗೆ ಯಾವ ಯಾವ ವೇಗ ಸಾಧ್ಯ, ಅದರಲ್ಲಿ ನೀವು ಕೇಳಿದ್ದಕ್ಕೆ ಯಾವುದು ಹೊಂದುತ್ತದೆ ಅಂತ ಆ ಕ್ಲಾಕ್‌ನ ಡ್ರೈವರನ್ನೇ ಕೇಳುತ್ತದೆ. ಬಂದ ಉತ್ತರ ಈಗಿನ ವೇಗವೇ ಆಗಿದ್ದರೆ ರಿಜಿಸ್ಟರ್ (ಹಾರ್ಡ್‌ವೇರ್‌ನ ಸೆಟ್ಟಿಂಗ್ ಕೂರುವ ಜಾಗ) ಮುಟ್ಟುವುದೂ ಇಲ್ಲ, ಸುಮ್ನೆ ಸೊನ್ನೆ ಕೊಟ್ಟು ವಾಪಸ್. ಬೇರೆ ಆಗಿದ್ದರೆ ಬದಲಾಯಿಸಿ, ಆಮೇಲೆ ಸೊನ್ನೆ. ಎರಡೂ ಸಲ ಸೊನ್ನೆಯ ಅರ್ಥ ಒಂದೇ: ತಕರಾರಿಲ್ಲ. ನಿಮ್ಮ ಅಂಕಿ ಸಿಕ್ಕಿತೋ ಇಲ್ಲವೋ ಅದಕ್ಕೂ ಸೊನ್ನೆಗೂ ಸಂಬಂಧವಿಲ್ಲ.

ಆ ಕನ್ಸೋಲ್ ಕಸವನ್ನೇ ತಗೊಳ್ಳಿ. ಕನ್ಸೋಲ್‌ನ ಅಕ್ಷರಗಳನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ ಯುಆರ್ಟ್‌ಗೆ 1,15,200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ಬೇಕು, ಒಳಗೆ 16 ಪಟ್ಟು ಓವರ್‌ಸ್ಯಾಂಪ್ಲಿಂಗ್ (ಒಂದು ಬಿಟ್‌ಗೆ 16 ಮಿಡಿತ). ಅಂದರೆ 1.8432 ಮೆಗಾಹರ್ಟ್ಸ್ ಬೇಕು. ಮೇಲೆ ಇರುವುದು ಮೂಲ ಮಿಡಿತ ಕೊಡುವ 24 ಮೆಗಾಹರ್ಟ್ಸ್ ಕ್ರಿಸ್ಟಲ್, ನಡುವೆ ಪೂರ್ಣಾಂಕದಿಂದ ಮಾತ್ರ ಭಾಗಿಸುವ ಡಿವೈಡರ್. ಭಾಗಿಸಿದರೆ 13.02. ಕೈಲೆಕ್ಕದವರು 13 ಹಾಕುತ್ತಾರೆ. ಆಗ 1.846 ಮೆಗಾಹರ್ಟ್ಸ್, ಶೇಕಡಾ 0.16ರಷ್ಟು ವ್ಯತ್ಯಾಸ, ಯುಆರ್ಟ್‌ಗೆ ಗೊತ್ತೂ ಆಗುವುದಿಲ್ಲ. ಕರ್ನಲ್‌ನ ಸಾಮಾನ್ಯ ಡಿವೈಡರ್ ಕೋಡ್ ಹಾಗೆ ಮಾಡುವುದಿಲ್ಲ. ಕೇಳಿದ್ದಕ್ಕಿಂತ ಜಾಸ್ತಿ ಕೊಡಬಾರದು ಎಂಬುದು ಅದರ ಡೀಫಾಲ್ಟ್ ನಿಯಮ. ಆದ್ದರಿಂದ 14. ಸಿಗುವುದು 1.714 ಮೆಗಾಹರ್ಟ್ಸ್, ಬಾಡ್ ಸುಮಾರು 1,07,143. ಶೇಕಡಾ 7 ಕಡಿಮೆ. ಪರದೆ ತುಂಬಾ ಕಸ, ರಿಟರ್ನ್ ಮಾತ್ರ ಸೊನ್ನೆ!

ಹಾಗಂತ ಡೀಫಾಲ್ಟ್ ಬರೆದವರಿಗೆ ಬೈಯಬೇಡಿ. ಎಸ್‌ಡಿ ಕಾರ್ಡ್ ಗುರುತಿಸುವ ಹಂತದಲ್ಲಿ ಕ್ಲಾಕ್ 400 ಕಿಲೋಹರ್ಟ್ಸ್ ದಾಟಬಾರದು. ಅಲ್ಲಿ ‘ಹತ್ತಿರದ್ದು ಕೊಡು’ ಅಂದರೆ ಮಿತಿ ಮೀರಬಹುದು, ‘ಕಡಿಮೆ ಕೊಡು’ ಅನ್ನುವುದೇ ಸರಿ. ಯುಆರ್ಟ್‌ಗೆ ಹತ್ತಿರದ್ದು ಬೇಕು, ಎಸ್‌ಡಿಗೆ ಮೀರದ್ದು ಬೇಕು. ಅಂಕಿಯೊಂದನ್ನೇ ನೋಡಿ ಕೋರ್‌ಗೆ ಇದು ಹೇಗೆ ಗೊತ್ತಾಗಬೇಕು? ಡಿವೈಡರ್ ನೋಂದಾಯಿಸುವಾಗ ಹತ್ತಿರದ್ದು ಕೊಡು ಎನ್ನುವ ‘ರೌಂಡ್ ಕ್ಲೋಸೆಸ್ಟ್’ ಫ್ಲ್ಯಾಗ್ ಇದೆ. ಅದನ್ನು ಹಾಕುವುದು ಕ್ಲಾಕ್ ಡ್ರೈವರ್ ಬರೆದವರ ಕೈಯಲ್ಲಿದೆ, ಕರೆ ಮಾಡುವ ನಿಮ್ಮ ಕೈಯಲ್ಲಿಲ್ಲ.

ನಿಮ್ಮ ಕೈಯಲ್ಲಿರುವುದು ರೌಂಡ್ ರೇಟ್. ‘ನಾನು ಇಷ್ಟು ಕೇಳಿದರೆ ಕೊನೆಗೆ ಎಷ್ಟು ಸಿಗುತ್ತದೆ?’ ಎಂಬ ಪ್ರಶ್ನೆಗೆ ಹಾರ್ಡ್‌ವೇರ್ ಅಲುಗಾಡಿಸದೆ ಉತ್ತರ ಕೊಡುವ ಕರೆ ಅದು. ಹೆಡರ್ ಫೈಲಿನ ಕಾಮೆಂಟಿನಲ್ಲೇ ಹೆಚ್ಚುಕಡಿಮೆ ಇದೇ ಮಾತಿದೆ. ಓದುವವರು ಕಡಿಮೆ.

ಇನ್ನೊಂದು ಮುಖ, ಇದು ಇನ್ನೂ ಕೆಟ್ಟದ್ದು. ಕ್ಲಾಕ್ ಒಂಟಿಯಾಗಿ ಇರುವುದಿಲ್ಲ, ಮೇಲಿನದರಿಂದ ಕೆಳಗಿನದು ಹುಟ್ಟುವ ಮರದಲ್ಲಿ ಇರುತ್ತದೆ. ಸೆಟ್ ರೇಟ್ ಪೇರೆಂಟ್ ಎಂಬ ಫ್ಲ್ಯಾಗ್ ಇದ್ದರೆ ನಿಮ್ಮ ಬೇಡಿಕೆ ಮೇಲಕ್ಕೆ ಹತ್ತಿ ಪಿಎಲ್‌ಎಲ್‌ವರೆಗೂ ಹೋಗುತ್ತದೆ. ಆಮೇಲೆ ಬದಲಾವಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನಿಮ್ಮ ಕೊಂಬೆಗೆ ಮಾತ್ರ ಅಲ್ಲ, ಅದೇ ಪಿಎಲ್‌ಎಲ್‌ನ ನೀರು ಕುಡಿಯುವ ಎಲ್ಲರಿಗೂ. ವಾಕಡ್‌ನ ಸೊಸೈಟಿಯಲ್ಲಿ ಮೇಲಿನ ಮನೆಯವರು ತಮ್ಮ ಷವರ್‌ಗೆ ಬೇಕೆಂದು ಟೆರೇಸಿನ ಮೇನ್ ವಾಲ್ವ್ ತಿರುಗಿಸಿದ ಹಾಗೆ.

ಆಡಿಯೊದವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಸಿಡಿ ಕಾಲದಿಂದ ಬಂದ 44.1 ಕಿಲೋಹರ್ಟ್ಸ್ ಹಾಡುಗಳಿಗೆ 22.5792 ಮೆಗಾಹರ್ಟ್ಸ್ ಬೇಕು, ವಿಡಿಯೊ ಕಡೆಯ 48 ಕಿಲೋಹರ್ಟ್ಸ್‌ಗೆ 24.576 ಮೆಗಾಹರ್ಟ್ಸ್. ಎರಡೂ 512 ಪಟ್ಟು. ಒಂದೇ ಪಿಎಲ್‌ಎಲ್‌ನಿಂದ ಎರಡನ್ನೂ ಸರಳವಾಗಿ ಭಾಗಿಸಿ ತೆಗೆಯಲು ಆಗುವುದಿಲ್ಲ. ಒಂದು ಪೋರ್ಟ್‌ನಲ್ಲಿ ಭೀಮಸೇನ ಜೋಶಿಯವರ ಹಳೇ ರೆಕಾರ್ಡಿಂಗ್ ಓಡುತ್ತಿದೆ ಅನ್ನಿ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು, ಇಲ್ಲಿ ಅವರ ಹೆಸರು ಬಿಟ್ಟರೆ ಹೇಗೆ? ಅಷ್ಟರಲ್ಲಿ ಇನ್ನೊಂದು ಪೋರ್ಟ್ 48ರ ಸ್ಟ್ರೀಮ್ ತೆರೆದು ಪಿಎಲ್‌ಎಲ್ ಬದಲಾಯಿಸಿತು. ಹಾಡು ಶೇಕಡಾ 9ರಷ್ಟು ಜೋರಾಗಿ ಓಡುತ್ತದೆ, ಷಡ್ಜ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಇಬ್ಬರಿಗೂ ಸೊನ್ನೆಯೇ ಬಂದಿದೆ.

ತಡೆಯಲು ದಾರಿಗಳಿವೆ. ರೇಟ್ ಬದಲಾಗುವ ಮುಂಚೆ ಸುದ್ದಿ ಕೊಡುವ ನೋಟಿಫೈಯರ್ ಹಾಕಿಕೊಳ್ಳಬಹುದು, ಬೇಡ ಅಂದರೆ ಬದಲಾವಣೆ ಅಲ್ಲಿಗೇ ರದ್ದು. ಅಥವಾ ರೇಟ್ ಎಕ್ಸ್‌ಕ್ಲೂಸಿವ್ ಗೆಟ್ ಎಂದು ಹಿಡಿದಿಟ್ಟುಕೊಳ್ಳಬಹುದು, ಆಗ ಬೇರೆಯವರು ಆ ವೇಗ ಬದಲಿಸಲು ಹೋದರೆ ‘ಬಿಜಿ’ ಎಂಬ ಎರರ್. ಹೆದರಿಕೆಗೆ ಎಲ್ಲ ಡ್ರೈವರ್‌ನಲ್ಲೂ ಇದನ್ನು ತುರುಕಬೇಡಿ. ಎಲ್ಲರೂ ಹಿಡಿದು ಕೂತರೆ ಯಾರಿಗೂ ಏನೂ ಬದಲಿಸಲು ಆಗುವುದಿಲ್ಲ.

ಇಷ್ಟೆಲ್ಲ ಒಂದೇ ಕಡೆ ಸಿಗುವುದೂ ಹಳೇ ಸಂಗತಿಯಲ್ಲ. 2012ರಲ್ಲಿ 3.4ನೇ ಕರ್ನಲ್ ಬರುವ ತನಕ ಕರೆಗಳ ಹೆಸರು ಮಾತ್ರ ಸಾಮಾನ್ಯ, ಒಳಗಿನ ಕೋಡು ಪ್ಲಾಟ್‌ಫಾರ್ಮಿಗೊಂದು. ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ ಬಂದ ಮೇಲೆ ಒಂದು ಹಾದಿ ಆಯ್ತು. ಕ್ಲಾಕ್ ಆನ್, ಆಫ್ ಮಾಡಲು ಕೇಳುವ ಎನೇಬಲ್, ಡಿಸೇಬಲ್ ಕೂಡ ಇದೇ ಜಾಡಿನವು. ಡಿಸೇಬಲ್ ಅಂದರೆ ‘ನನಗೆ ಸಾಕು’ ಅಂತ ಅಷ್ಟೇ, ಬೇರೆಯವರು ಎನೇಬಲ್ ಮಾಡಿದ ಎಣಿಕೆ ಉಳಿದಿದ್ದರೆ ಕ್ಲಾಕ್ ಓಡುತ್ತಲೇ ಇರುತ್ತದೆ. ವೋಲ್ಟೇಜ್ ವಿಚಾರವನ್ನು ಸೆಟ್ ರೇಟ್‌ಗೆ ಅಂಟಿಸುವವರೂ ಇದ್ದಾರೆ. ವೇಗ ಏರಿಸುವ ಮುಂಚೆ ವೋಲ್ಟೇಜ್ ಏರಿಸುವುದು, ವೇಗ ಇಳಿಸಿದ ಮೇಲೆ ವೋಲ್ಟೇಜ್ ಇಳಿಸುವುದು ಒಪಿಪಿ ಲೈಬ್ರರಿಯ (ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂಬ ಪಟ್ಟಿ ಇಟ್ಟುಕೊಂಡ ಕರ್ನಲ್ ಕೋಡ್) ಕೆಲಸ. ಕ್ಲಾಕ್ ಕೋರ್ ಅದಕ್ಕೆ ತಲೆ ಹಾಕುವುದಿಲ್ಲ.

ಆದ್ದರಿಂದ ಕಮಿಟ್ ಮೆಸೇಜ್‌ನಲ್ಲಿ (ಕೋಡ್ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ‘ಸೆಟ್ ಆಗಿದೆ’ ಅಂತ ಬರೆಯುವ ಬದಲು ಎಷ್ಟು ಕೇಳಿದಿರಿ, ಈಗಿನ ವೇಗ ಕೇಳುವ ಗೆಟ್ ರೇಟ್ ಕರೆ ಎಷ್ಟು ಹೇಳಿತು, ಎರಡನ್ನೂ ಬರೆಯಿರಿ. ಡೀಬಗ್‌ಎಫ್‌ಎಸ್ (ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಫೈಲುಗಳ ಜಾಗ) ಒಳಗಿನ ಕ್ಲಾಕ್ ಸಮ್ಮರಿ ಫೈಲಿನಲ್ಲಿ ಇಡೀ ಮರ ಕಾಣುತ್ತದೆ, ಯಾರು ಯಾರ ಕೆಳಗೆ, ಎಷ್ಟು ಎಣಿಕೆ, ಎಷ್ಟು ವೇಗ ಎಲ್ಲ. ಅದನ್ನೂ ಪೂರ್ತಿ ನಂಬಬೇಡಿ. ಅದು ಕರ್ನಲ್ ಹಾಕಿದ ಲೆಕ್ಕ, ಅಳತೆ ಅಲ್ಲ. ಕ್ರಿಸ್ಟಲ್ 26 ಮೆಗಾಹರ್ಟ್ಸ್ ಇದ್ದು ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಫೈಲು) 24 ಅಂತ ಬರೆದಿದ್ದರೆ ಇಡೀ ಫೈಲು ಒಂದೇ ಪ್ರಮಾಣದಲ್ಲಿ ಸುಳ್ಳು ಹೇಳುತ್ತದೆ. ಬಹಳಷ್ಟು ಚಿಪ್ಪುಗಳಲ್ಲಿ ಒಳಗಿನ ಕ್ಲಾಕ್ ಒಂದನ್ನು ಹೊರಗಿನ ಪಿನ್ನಿಗೆ ತರುವ ಸೌಕರ್ಯ ಇರುತ್ತದೆ. ಅನುಮಾನ ಬಂದರೆ ಪಿನ್ ಹೊರಗೆ ತನ್ನಿ, ಸ್ಕೋಪ್ (ಮಿಡಿತ ಅಳೆದು ತೋರಿಸುವ ಉಪಕರಣ) ಹಚ್ಚಿ, ಆಮೇಲೆ ಗುಂಪಿನಲ್ಲಿ ಕೇಳಿ.