ಕನ್ನಡ ಮಾಯವಾದರೆ ಮೊದಲು ಇಂಗ್ಲಿಷ್ ನೋಡಿ

"ನಿನ್ನೆವರೆಗೂ ಕನ್ನಡದಲ್ಲೇ ಇತ್ತು ಸಾರ್, ಇವತ್ತು ಬಟನ್ ಇಂಗ್ಲಿಷಿಗೆ ತಿರುಗಿದೆ." ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಡ್ರೂಪಲ್ 7ರಲ್ಲಿ ಮಾಡಿದ ಹಳೇ ಸೈಟುಗಳನ್ನು ನೋಡಿಕೊಳ್ಳುವ ನನಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. ಬೆನ್ನಿಗೇ ಅನುವಾದ ಮಾಡಿದವರಿಗೆ ಬೈಗುಳ.

ಇಂಗ್ಲಿಷ್ ಸಾಲಿಗೆ ಯಾರಾದರೂ ಕೈ ಹಾಕಿದ್ರಾ ಅಂತ ಕೇಳುತ್ತೇನೆ. ಇಲ್ಲವೇ ಇಲ್ಲ ಅಂತಾರೆ. ಸ್ವಲ್ಪ ಹೊತ್ತಾದ ಮೇಲೆ, "ಒಂದು ಅಕ್ಷರ ತಿದ್ದಿದ್ವಿ, ಅಷ್ಟೇ."

ಅಷ್ಟೇ ಸಾಕು! ಬಟನ್, ಸೂಚನೆಗಳ ಅನುವಾದವನ್ನು ಈ ಸಾಫ್ಟ್‌ವೇರ್ ಹುಡುಕುವುದು ಇಂಗ್ಲಿಷ್ ಸಾಲನ್ನೇ ಹಿಡಿದು. 'ಸೈನ್ ಇನ್' ಎಂಬಲ್ಲಿ ದೊಡ್ಡ 'ಐ' ತೆಗೆದು ಚಿಕ್ಕದು ಹಾಕಿದಿರಾ? ಅದರ ಲೆಕ್ಕದಲ್ಲಿ ಅದು ಹೊಸ ಸಾಲು. ಕೊನೆಗೊಂದು ಚುಕ್ಕಿ ಇಟ್ಟರೂ, ಒಂದು ಸ್ಪೇಸ್ ಜಾಸ್ತಿ ಬಿದ್ದರೂ ಹಾಗೇ. ಜೋಡಿ ಸಿಗದಿದ್ದರೆ ಎರರ್ ಕೊಡುವುದಿಲ್ಲ, ಸುಮ್ನೆ ಇಂಗ್ಲಿಷ್ ತೋರಿಸುತ್ತದೆ. ನಿಮ್ಮ ಕನ್ನಡ ಸಾಲು ಡೇಟಾಬೇಸಿನಲ್ಲೇ ಇರುತ್ತದೆ, ಕೇಳುವವರಿಲ್ಲ.

ಒಂದು ಸಹಕಾರ ಸಂಘದ ಕಾರ್ಯದರ್ಶಿಗೆ ಇಂಗ್ಲಿಷ್ ವ್ಯಾಕರಣ ಅಂದರೆ ಪ್ರಾಣ. ಸೈಟ್ ಮಾಡಿದ ಹುಡುಗನನ್ನು ಕೂರಿಸಿಕೊಂಡು ಪ್ರತಿ ಸೂಚನೆಗೂ ಚುಕ್ಕಿ ಇಡಿಸಿದರು. ಕನ್ನಡ ಹೋಯಿತು. ಪಾಪ, ಎಲ್ಲವನ್ನೂ ಮತ್ತೆ ದುಡ್ಡು ಕೊಟ್ಟು ಅನುವಾದ ಮಾಡಿಸಿದರು. ಚುಕ್ಕಿ ತೆಗೆದಿದ್ದರೆ ಸಾಕಿತ್ತು.

ಇಂಗ್ಲಿಷ್ ಬದಲಾಗಲೇಬೇಕು ಅಂದರೆ ಮೂಲ ಸಾಲು ಮುಟ್ಟಬೇಡಿ. ಸೆಟ್ಟಿಂಗ್ಸ್ ಫೈಲಿನಲ್ಲಿ 'ಈ ಸಾಲಿನ ಬದಲು ಇದನ್ನು ತೋರಿಸು' ಅಂತ ಬರೆಯಲು ಜಾಗವಿದೆ. ಹೊಸ ಸಾಲನ್ನೇ ಅನುವಾದಿಸುತ್ತೀರಾದರೆ ಮೊದಲು ಆ ಪುಟವನ್ನು ಕನ್ನಡದಲ್ಲಿ ಒಮ್ಮೆ ತೆರೆಯಿರಿ. ತೆರೆಯುವ ತನಕ ಆ ಸಾಲು ಅನುವಾದದ ಪಟ್ಟಿಗೇ ಸೇರಿರುವುದಿಲ್ಲ. ಅಲ್ಲಿ ಹುಡುಕುವಾಗಲೂ ದೊಡ್ಡಕ್ಷರ, ಚಿಕ್ಕಕ್ಷರ ಸರಿಯಾಗಿ ಹೊಡೆಯಬೇಕು.

ಲೇಖನ, ಸುದ್ದಿಗಳ ಕತೆ ಬೇರೆ. ಅಲ್ಲಿ ಸಾಲಿಗೆ ಸಾಲಲ್ಲ, ಇಂಗ್ಲಿಷ್ ಪುಟಕ್ಕೆ ಕನ್ನಡ ಪುಟವೇ ಜೋಡಿ. ನಿಮ್ಮ ಸೈಟಿನಲ್ಲಿ ಇನ್ನೇನು ಮಾಡ್ಯೂಲ್ (ಹೆಚ್ಚುವರಿ ಸೌಲಭ್ಯದ ಭಾಗ) ಹಾಕಿದ್ದಾರೋ, ನೋಡದೆ ನಾನು ಖಾತ್ರಿ ಕೊಡಲಾರೆ.

ಡ್ರೂಪಲ್ 7ರ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೇ ಮುಗಿದಿದೆ. ಇವತ್ತಲ್ಲ ನಾಳೆ ಹೊಸದಕ್ಕೆ ಹೋಗಲೇಬೇಕು, ಅಲ್ವಾ? ಅನುವಾದವನ್ನೆಲ್ಲ ಪಿಒ ಫೈಲಾಗಿ, ಅಂದರೆ ಇಂಗ್ಲಿಷ್ ಸಾಲು ಮತ್ತು ಅದರ ಅನುವಾದ ಜೋಡಿಯಾಗಿರುವ ಫೈಲಾಗಿ, ಇಳಿಸಿಟ್ಟುಕೊಳ್ಳಿ. ಹೊಸ ಆವೃತ್ತಿಯಲ್ಲಿ ಬದಲಾಗದ ಇಂಗ್ಲಿಷ್ ಸಾಲುಗಳಿಗೆ ಅದೇ ಕನ್ನಡ ಕೂರುತ್ತದೆ. ಉಳಿದವನ್ನಷ್ಟೇ ಅನುವಾದಕರಿಗೆ ಕೊಡಿ.