ಸಬ್ಸಿಡಿ ದುಡ್ಡು ಕೈಗೆ ಯಾವಾಗ ಬರುತ್ತೆ?

ಪ್ರಶ್ನೆ: ನಾವು ಕೋಲಾರದಲ್ಲಿ ಬಿ.ಕಾಂ. ಕೊನೆ ವರ್ಷದಲ್ಲಿದ್ದೇವೆ. ಓದುತ್ತಲೇ ಟೊಮೆಟೊ ಕೆಚಪ್ ಯೂನಿಟ್ ಹಾಕೋಣ ಅಂತಿದ್ದೇವೆ. ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ) ಸಬ್ಸಿಡಿ ಕೈಗೆ ಯಾವಾಗ ಸಿಗುತ್ತೆ ಸಾರ್?

ಉತ್ತರ: ಕೈಗೆ ಸಿಗುವುದಿಲ್ಲ. ಪ್ರತಿ ಬ್ಯಾಚಿಗೂ ಇದನ್ನೇ ಹೇಳುತ್ತೇನೆ, ಮುಂದಿನ ಬ್ಯಾಚ್ ಮತ್ತೆ ಇದನ್ನೇ ಕೇಳುತ್ತದೆ.

ಓದುವಾಗ ಅರ್ಜಿ ಹಾಕಬಹುದಾ? ಹಾಕಬಹುದು. 18 ವರ್ಷ ತುಂಬಿರಬೇಕು, ಡಿಗ್ರಿ ಯಾರೂ ಕೇಳುವುದಿಲ್ಲ. ತಯಾರಿಕೆ ಯೂನಿಟ್ 10 ಲಕ್ಷ ದಾಟಿದರೆ ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು.

ಈಗ ಲೆಕ್ಕಕ್ಕೆ ಬನ್ನಿ. ಮುಳಬಾಗಿಲು ಕಡೆ ಹಳ್ಳಿಯಲ್ಲಿ 10 ಲಕ್ಷದ ಯೂನಿಟ್, ಅರ್ಜಿದಾರ ಸಾಮಾನ್ಯ ವರ್ಗದ ಹುಡುಗ ಅಂದುಕೊಳ್ಳಿ. ಅವನ ಜೇಬಿನಿಂದ 1 ಲಕ್ಷ ಹೋಗಬೇಕು, ಉಳಿದ 9 ಲಕ್ಷ ಬ್ಯಾಂಕ್ ಕೊಡಬೇಕು, ಅದೂ ಯೋಜನೆ ಬ್ಯಾಂಕಿಗೆ ಒಪ್ಪಿಗೆಯಾದರೆ. ಸಬ್ಸಿಡಿ ಶೇ 25, ಅಂದರೆ ಎರಡೂವರೆ ಲಕ್ಷ. ಅದು ನೇರ ಬ್ಯಾಂಕಿಗೆ ಬಂದು ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟು ಸಾಲಕ್ಕೂ ಬಡ್ಡಿ ಇಲ್ಲ. ಆಮೇಲೆ ಯೂನಿಟ್ ನಿಜವಾಗಿ ನಡೆಯುತ್ತಿದೆಯಾ ಅಂತ ಬಂದು ನೋಡಿಕೊಂಡು ಹೋಗಿ, ಸರಿಯಿದ್ದರೆ ಸಾಲಕ್ಕೆ ಜಮಾ ಮಾಡುತ್ತಾರೆ. ಹೆಣ್ಣುಮಕ್ಕಳು, ಎಸ್‌ಸಿ, ಎಸ್‌ಟಿ, ಒಬಿಸಿ ಆದರೆ ಸ್ವಂತ ದುಡ್ಡು ಶೇ 5, ಹಳ್ಳಿಯಲ್ಲಿ ಸಬ್ಸಿಡಿ ಶೇ 35. ದಾರಿ ಮಾತ್ರ ಅದೇ. ಎಲ್ಲೂ ನೋಟು ನಿಮ್ಮ ಕೈಗೆ ಬರುವ ಹಂತವೇ ಇಲ್ಲ!

ಆದರೂ ಈ ನಂಬಿಕೆ ಸಾಯಲ್ಲ ಯಾಕೆ? "ಸಬ್ಸಿಡಿ ಮಾಡಿಸಿಕೊಡ್ತೀನಿ, ನನಗಿಷ್ಟು ಕೊಡಿ" ಅನ್ನುವವರ ಹೊಟ್ಟೆ ತುಂಬುವುದೇ ಇದರಿಂದ, ಅದಕ್ಕೆ. ಅವರ ಹತ್ತಿರ ಹೋಗಬೇಡಿ. ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ, ಅರ್ಥವಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ.

ನೀವು ಕೇಳದ ಒಂದು ಮಾತು: ಕೆಚಪ್ಪೇ ಯಾಕೆ? ಬೆಲೆ ಬಿದ್ದಾಗ ರಸ್ತೆಗೆ ಸುರಿದ ಹಣ್ಣು ನೋಡಿ ಎಲ್ಲರಿಗೂ ಇದೇ ಹೊಳೆಯುತ್ತದೆ. ಆದರೆ 2023ರ ಜುಲೈನಲ್ಲಿ ಇದೇ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ಅಂಥ ತಿಂಗಳಲ್ಲಿ ನಿಮ್ಮ ಬಾಟಲಿಗೆ ಏನು ರೇಟ್ ಹಾಕುತ್ತೀರಿ? ಇನ್ನೊಂದು, ಅಡುಗೆಗೆ ಬೆಳೆಯುವ ತಳಿಗಳಲ್ಲಿ ನೀರು ಜಾಸ್ತಿ, ಗಟ್ಟಿ ಅಂಶ ಕಡಿಮೆ. ಕುದಿಸಿದಷ್ಟೂ ಗ್ಯಾಸ್ ಖರ್ಚು, ಉಳಿಯುವ ಸಾಸ್ ಸ್ವಲ್ಪ. ಅರ್ಜಿಗಿಂತ ಮೊದಲು ಒಂದು ಬಾಕ್ಸ್ ತಂದು ಮನೆಯಲ್ಲೇ ಕುದಿಸಿ, ಎಷ್ಟು ಉಳಿಯಿತು ಅಂತ ತೂಕ ಹಾಕಿ. ಯೋಜನಾ ವರದಿಯಲ್ಲಿ ಬ್ಯಾಂಕಿನವರು ಮೊದಲು ಕೇಳಬೇಕಾದ ಅಂಕಿ ಅದೇ.