ಶಾಲಾ ಗ್ರಂಥಾಲಯದ ಸಾಫ್ಟ್‌ವೇರ್: ಮೊದಲು ಕನ್ನಡದಲ್ಲಿ ಹುಡುಕಿ ನೋಡಿ

ಶಾಲೆ ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮೇಷ್ಟ್ರುಗಳು ಕೇಳುವ ಪ್ರಶ್ನೆ ಒಂದೇ: ‘ಲೈಬ್ರರಿಗೆ ಯಾವ ಸಾಫ್ಟ್‌ವೇರ್ ಹಾಕಿಸೋಣ?’ ಕೈಯಲ್ಲಿ ಎರಡು ಮೂರು ಕೊಟೇಶನ್ ಇರುತ್ತವೆ. ಬಾರ್‌ಕೋಡ್, ಎಸ್‌ಎಂಎಸ್, ಮೊಬೈಲ್ ಆ್ಯಪ್ ಎಲ್ಲದರ ಪಟ್ಟಿಯೂ ಅದರಲ್ಲಿರುತ್ತದೆ. ಕನ್ನಡ ಪುಸ್ತಕ ಹುಡುಕಿದರೆ ಸಿಗುತ್ತದೆಯೇ ಎಂಬುದು ಮಾತ್ರ ಇರುವುದಿಲ್ಲ. ಕಪಾಟಿನ ತುಂಬ ಕನ್ನಡ ಪುಸ್ತಕಗಳೇ ಇರುವ ಶಾಲೆಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಡೆಮೊ ತೋರಿಸಲು ಬಂದವರು ತಂದ ಮಾದರಿ ಪಟ್ಟಿಯನ್ನು ಪಕ್ಕಕ್ಕಿಡಿ. ನಿಮ್ಮ ಕಪಾಟಿನಿಂದಲೇ ಹತ್ತು ಪುಸ್ತಕ ತೆಗೆದು ಅವರ ಕೈಯಲ್ಲೇ ಟೈಪ್ ಮಾಡಿಸಿ. ಅದರಲ್ಲಿ ಪೂರ್ಣಚಂದ್ರ ತೇಜಸ್ವಿಯವರದು ಒಂದಿರಲಿ. ಆಮೇಲೆ ಏಳನೇ ತರಗತಿಯ ಮಗುವೊಂದನ್ನು ಕೂರಿಸಿ ಹುಡುಕಲು ಹೇಳಿ. ಮಗು ಬರೀ ‘ತೇಜಸ್ವಿ’ ಎಂದು ಒತ್ತುತ್ತದೆ. ದಾಖಲೆಯಲ್ಲಿ ‘ಪೂರ್ಣಚಂದ್ರ ತೇಜಸ್ವಿ, ಕೆ.ಪಿ.’ ಎಂದಿದ್ದರೂ ಪುಸ್ತಕ ಸಿಗಬೇಕು. ಹಾಗೆಯೇ ಒಬ್ಬರೇ ಲೇಖಕರು ಒಂದು ಕಡೆ ‘ಕುವೆಂಪು’, ಇನ್ನೊಂದು ಕಡೆ ‘ಪುಟ್ಟಪ್ಪ, ಕೆ.ವಿ.’ ಎಂದು ದಾಖಲಾಗಿದ್ದರೆ ಎರಡನ್ನೂ ಒಂದೇ ಹೆಸರಿನಡಿ ತರುವ ಸೌಲಭ್ಯ ಇದೆಯೇ ಎಂದೂ ಕೇಳಿ.

ಹುಡುಕಾಟ ಸೋಲುವುದಕ್ಕೆ ಕಾರಣ ಬಹುಪಾಲು ಕಣ್ಣಿಗೆ ಕಾಣದ್ದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿಟ್ಟ ಪಟ್ಟಿ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಇರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಆದ್ದರಿಂದ ಕನ್ನಡದ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್ ಕಡ್ಡಾಯ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಎರಡು ತೊಡಕು ಉಳಿಯಬಹುದು. ಅನುಸ್ವಾರದ ಸೊನ್ನೆಯ (ಂ) ಜಾಗದಲ್ಲಿ ಅಂಕಿಯ 0 ಒತ್ತುವ ಅಭ್ಯಾಸ ಒಂದು. ಅರ್ಕಾವತ್ತಿನ ನಡುವೆ ಸೇರಿಕೊಳ್ಳುವ ಅದೃಶ್ಯ ಜೋಡಕ ಅಕ್ಷರ ಇನ್ನೊಂದು. ‘ಸೂರ್ಯ’ ಮತ್ತು ‘ಸೂರ‍್ಯ’ ಓದುಗನಿಗೆ ಒಂದೇ ಪದ, ಕಂಪ್ಯೂಟರಿಗೆ ಬೇರೆ ಬೇರೆ. ಡೆಮೊದ ಹತ್ತು ಪುಸ್ತಕಗಳಲ್ಲಿ ಇಂಥ ಹೆಸರುಗಳೂ ಇರಲಿ.

ಕೋಹಾ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ತಯಾರಾಗಿ 2000ರಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ ಅದು. ಲೈಸೆನ್ಸ್ ಶುಲ್ಕವಿಲ್ಲ, ಗಟ್ಟಿಯಾಗಿದೆ, ನನಗೂ ಇಷ್ಟ. ಆದರೆ ಅದು ನಡೆಯುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಬಲ್ಲವರೊಬ್ಬರು ಕರೆದರೆ ಬರುವಷ್ಟು ದೂರದಲ್ಲಿರಬೇಕು. ಕೋಹಾದಲ್ಲಿ ಹುಡುಕಾಟ ನಡೆಸುವ ಝೀಬ್ರಾ ಎಂಬ ಸೂಚಿಯನ್ನು ಬಳಸುವುದಾದರೆ ಅದನ್ನು ಯೂನಿಕೋಡ್ ಪಠ್ಯ ನಿಭಾಯಿಸುವ ಐಸಿಯು ವಿಧಾನಕ್ಕೆ ಹೊಂದಿಸಲು ಅವರಿಗೆ ತಪ್ಪದೆ ಹೇಳಿ. ಇಲ್ಲದಿದ್ದರೆ ಕನ್ನಡದ ಹುಡುಕಾಟ ಕೈಕೊಡುತ್ತದೆ. ಸರ್ಕಾರಿ ಶಾಲೆಯಾದರೆ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಇ-ಗ್ರಂಥಾಲಯ ತಂತ್ರಾಂಶವನ್ನೂ ವಿಚಾರಿಸಿ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನ ಸೋಲ್ ತಂತ್ರಾಂಶ ಕಾಲೇಜು, ವಿಶ್ವವಿದ್ಯಾಲಯಗಳಿಗೆಂದು ಮಾಡಿದ್ದು. ಶಾಲೆಗೆ ಅಷ್ಟು ಬೇಡ.

ಇನ್ನು ಮಳೆ. ಜೂನ್‌ನಿಂದ ಆಗುಂಬೆ, ಹೊಸನಗರ ತಾಲ್ಲೂಕಿನ ನಗರ, ಕಾರ್ಗಲ್ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ನೆಟ್ಟೂ ಅದರ ಜೊತೆಗೇ ಹೋಗುತ್ತದೆ. ಪೂರ್ತಿ ಕ್ಲೌಡ್ ಮೇಲೆ ನಿಂತ ಸಾಫ್ಟ್‌ವೇರ್ ಅಂಥ ದಿನ ತೆರೆಯುವುದೇ ಇಲ್ಲ. 40 ಮಕ್ಕಳು ಲೈಬ್ರರಿ ಪೀರಿಯಡ್ಡಿಗೆ ಬಂದು ಬರಿಗೈಯಲ್ಲಿ ಹೋಗುತ್ತಾರೆ. ಒಳಊರಿನ ಶಾಲೆಗಳಿಗೆ ನಾನು ಹೇಳುವುದು ಶಾಲೆಯ ಕಂಪ್ಯೂಟರಿನಲ್ಲೇ ನಡೆಯುವ ವ್ಯವಸ್ಥೆ ಮತ್ತು ಒಂದು ಯುಪಿಎಸ್. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಕಂಪ್ಯೂಟರ್ ಸುಟ್ಟರೂ ದಾಖಲೆ ಉಳಿಯಬೇಕು. ಅದಕ್ಕೆ ವಾರಕ್ಕೊಮ್ಮೆ ಬ್ಯಾಕಪ್ ತೆಗೆಯಿರಿ, ಅದರ ಒಂದು ಪ್ರತಿ ಶಾಲೆಯ ಹೊರಗಿರಲಿ.

ಹಣ ಕೊಡುವ ಮುಂಚೆ ಇನ್ನೊಂದು ಪರೀಕ್ಷೆ. ಟೈಪ್ ಮಾಡಿಸಿದ ಆ ಹತ್ತು ದಾಖಲೆಗಳನ್ನು ಎಕ್ಸೆಲ್‌ನಲ್ಲಿ ಅಥವಾ ಗ್ರಂಥಾಲಯ ದಾಖಲೆಗಳ ಅಂತರರಾಷ್ಟ್ರೀಯ ಮಾದರಿಯಾದ ಮಾರ್ಕ್ 21 ರೂಪದಲ್ಲಿ ಹೊರಗೆ ತೆಗೆದುಕೊಡಲು ಹೇಳಿ. ‘ಅದು ಆಮೇಲೆ ನೋಡೋಣ’ ಎಂದರೆ ಒಪ್ಪಬೇಡಿ. ಕಂಪನಿ ಮುಚ್ಚಿದ ಮೇಲೆ ಪಟ್ಟಿ ಹೊರತೆಗೆಯಲಾಗದೆ ಮೊದಲಿಂದ ಟೈಪ್ ಮಾಡಿಸಿದ ಶಾಲೆಗಳಿವೆ. ಹಳೆಯ ಕನ್ನಡ ಪುಸ್ತಕಗಳಿಗೆ ಪುಸ್ತಕ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ಇರುವುದೇ ಅಪರೂಪ, ಸಿದ್ಧ ದಾಖಲೆಯೂ ಸುಲಭಕ್ಕೆ ಸಿಗದು, ಎಲ್ಲವನ್ನೂ ಕೈಯಲ್ಲೇ ಏರಿಸಬೇಕು. ದಿನಕ್ಕೆ 40ರಂತೆ ಏರಿಸಿದರೂ 3,000 ಪುಸ್ತಕಕ್ಕೆ 75 ದಿನ ಬೇಕು. ಆ ಕೆಲಸ ಯಾರು ಮಾಡುತ್ತಾರೆಂದು ಕೊಟೇಶನ್ ಒಪ್ಪುವ ಸಭೆಯಲ್ಲೇ ತೀರ್ಮಾನಿಸಿ. ಪುಸ್ತಕಗಳಿಗೆ ಹೊಸ ನಂಬರ್ ಕೊಡಲು ಹೋಗಬೇಡಿ, ದಾಖಲಾತಿ ರಿಜಿಸ್ಟರಿನ ಹಳೆಯ ನಂಬರೇ ಬಾರ್‌ಕೋಡಿನಲ್ಲೂ ಇರಲಿ.